ಹಾಕದ ಆಣೆ

ಹಲ್ಲುಜ್ಜಿ ಬಾಯಿ ಮುಕ್ಕಳಿಸಿ ಬಚ್ಚಲ ಕಲ್ಲಿನ ಮೇಲೆ ಉಗುಳಿದಾಗ, ನೀರಾದರೂ ಬಾಯಿಂದ ಸಲೀಸಾಗಿ ಹೊರಬರುತ್ತದಲ್ಲ ಎಂದು ಗೋಣೆಪ್ಪನಿಗೆ ಸಮಾಧಾನವಾಯಿತು. ಮರುಗಳಿಗೆಗೆ ಆ ಸಮಾಧಾನಕ್ಕೇ ನಾಚಿಕೆಯಾಯಿತು. ಚಿಲಕ ಹಾಕಿದೆಯೇ ಎಂದು ಮತ್ತೊಮ್ಮೆ ನೋಡಿ, ಗೋಡೆಯ ಕಡೆ ತಿರುಗಿ, ‘ಹೌದು, ಇದನ್ನು ನನ್ನ ಹೊಣೆಯ ಮೇಲೆ ಹೇಳುತ್ತಿದ್ದೇನೆ’ ಎನ್ನಲು ನೋಡಿದ. ‘ಹೌದು’ ಎನ್ನುವಷ್ಟು ಬಂತು. ಆಮೇಲೆ ಕೊರಳೊಳಗೆ ಯಾರೋ ಒದ್ದೆ ಬಟ್ಟೆ ತುರುಕಿದ ಹಾಗಾಗಿ ನಿಂತುಹೋಯಿತು. ಗೋಡೆಯ ಮೇಲೊಂದು ಹಲ್ಲಿ ತಲೆಯೆತ್ತಿ ಅವನನ್ನೇ ನೋಡುತ್ತಿತ್ತು. ದೆಹಲಿಯಲ್ಲಿ, ಮೂವರು ನ್ಯಾಯಾಧೀಶರ ಮುಂದೆ ಕಪ್ಪು ರೇಷ್ಮೆಯ ನಿಲುವಂಗಿ ತೊಟ್ಟು ನಿಂತವನು, ಚನ್ನಗಿರಿಯ ಬಚ್ಚಲಿನಲ್ಲಿ ಟವೆಲು ಸುತ್ತಿಕೊಂಡು ಹಲ್ಲಿಯ ಮುಂದೆಯೂ ಸೋತ.

“ಸಾಹೇಬ್ರೆ, ಮಂಡಕ್ಕಿ ಒಗ್ಗರಣೆ ಮೆತ್ತಗಾಗ್ತೈತೆ,” ಎಂದು ಹೊರಗಿನಿಂದ ಮಹೇಶ್ವರಪ್ಪ ಕೂಗಿದ. ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟವನು, ಗೋಣೆಪ್ಪನ ಹಳೆಯ ಕಕ್ಷಿದಾರ. ನಡುಮನೆಯಲ್ಲಿ ತಟ್ಟೆಯ ಮುಂದೆ ಕೂತ ಮೇಲೂ ಅವನ ಮಾತು ನಿಲ್ಲಲಿಲ್ಲ. “ಜಗಳೂರಿಗೆ ಯಾಕ್ರೀ ಹೋಗ್ಬೇಕು? ಬಿಸಿಲು ಬಿಟ್ರೆ ಏನೈತೆ ಅಲ್ಲಿ? ಆ ಮುದುಕಿ ಇನ್ನೂ ಅದಾಳೋ ಇಲ್ವೋ. ಹೋಗ್ಲೇಬೇಕು ಅಂದ್ರೆ ನಮ್ಮ ಕಾರ್ ತಗೊಂಡ್ ಹೋಗ್ರಿ.” ಬಸ್ಸಿನಲ್ಲೇ ಹೋಗುತ್ತೇನೆ ಎಂದ ಗೋಣೆಪ್ಪ. ಇಂಥ ಮಾತುಗಳಿಗೆ ಕೊರಳು ತಕರಾರು ಮಾಡುತ್ತಿರಲಿಲ್ಲ. “ಡೆಲ್ಲಿಯೋರಿಗೆ ಬಸ್ಸು ಹೊಸದು ಬಿಡ್ರಿ,” ಎಂದು ಮಹೇಶ್ವರಪ್ಪ ನಕ್ಕ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಸೊಸೆಗೆ, “ನೋಡವ್ವಾ, ಇವರು ಇವತ್ತು ಸುಪ್ರೀಂ ಕೋರ್ಟ್ನಾಗೆ ಅದಾರೆ ಅಂದ್ರೆ, ಅವರ ಮೊದಲ್ನೇ ಮೆಟ್ಲು ಗೋವಿನಕೋವಿಯ ನಮ್ಮ ಎರಡೆಕರೆ. ಹೌದೋ ಅಲ್ವೋ ಕೇಳು ಅವರನ್ನೇ,” ಎಂದ. ಗೋಣೆಪ್ಪ ಮಂಡಕ್ಕಿ ಅಗಿಯುತ್ತ ತಲೆಯಾಡಿಸಿದ. ಬಾಯಿ ತುಂಬಿರುವುದು ಎಷ್ಟು ಒಳ್ಳೆಯ ನೆಪ ಎಂದುಕೊಂಡ.

ದೊಡ್ಡ ಕೋರ್ಟಿನಲ್ಲಿ ಸಾಕ್ಷಿಕಟ್ಟೆಯಿಲ್ಲ. ಕಾಗದದಲ್ಲಿಲ್ಲದ ಸಂಗತಿಯೊಂದು ವಾದದ ನಡುವೆ ಎದ್ದುಬಂದರೆ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಇದನ್ನು ನಿಮ್ಮ ಹೊಣೆಯ ಮೇಲೆ ಹೇಳುತ್ತೀರಾ ಎಂದು ವಕೀಲನನ್ನು ಕೇಳುತ್ತಾರೆ. ಅವನು ಹೌದೆಂದರೆ ಮುಗಿಯಿತು; ಅದೇ ಸಾಕ್ಷಿ, ಅದೇ ಪ್ರಮಾಣ. ಹತ್ತು ವರ್ಷ ಗೋಣೆಪ್ಪ ಹೌದೆಂದಿದ್ದ. ಅವನ ಹೌದಿಗೆ ಬೆಲೆಯಿತ್ತು. ಅಪ್ಪಾ ಸಾಹೇಬರು ಹೌದೆಂದರೆ ಎದುರು ಪಕ್ಷದವರು ಕಡತ ಕಟ್ಟಿಕೊಳ್ಳಬಹುದು ಎಂದು ಅಲ್ಲಿನ ಮೊಗಸಾಲೆಯಲ್ಲಿ ಆಡಿಕೊಳ್ಳುತ್ತಿದ್ದರು. ಅವರ ಬಾಯಿಗೆ ಗೋಣೆಪ್ಪ ಎಂಬುದು ಹೊರಳದೆ ಬರೀ ಅಪ್ಪಾ ಆಗಿತ್ತು. ಈ ಮಾರ್ಚಿನಲ್ಲಿ ಗಿರಣಿ ಕೂಲಿಯೊಬ್ಬನ ಜಾಮೀನಿನ ವಿಷಯ ಬಂದಾಗ ಅದೇ ಪ್ರಶ್ನೆ ಬಂತು. ಹೇಳಬೇಕಾಗಿದ್ದದ್ದು ನಿಜವೇ ಆಗಿತ್ತು. ನಿಜವಾಗಿದ್ದುದೇ ತೊಡಕಾಯಿತೋ ಏನೋ. ಅವನು ಬಾಯಿ ತೆರೆದ; ಮೂಗಿಗೆ ಕರ್ಪೂರದ ಘಾಟು ಬಡಿಯಿತು; ಕಣ್ಣ ಮುಂದೆ ನೀರು ಸೋರುವ ಒಂದು ಸೀರೆಯ ಅಂಚು, ಅದರ ಕೆಳಗೆ ಎರಡು ಬರಿಗಾಲು. ಸ್ವರ ಬರಲಿಲ್ಲ. ನ್ಯಾಯಾಧೀಶರು ಕಾದರು. ಪಕ್ಕದ ಜೂನಿಯರು ಎದ್ದು, ನಮ್ಮ ಸೀನಿಯರಿಗೆ ಗಂಟಲು ಕೆಟ್ಟಿದೆ ಎಂದ. ಆ ಕೂಲಿಗೆ ಜಾಮೀನು ಸಿಗಲಿಲ್ಲ. ಆಮೇಲೆ ಮೂರು ಸಲ ಹಾಗೆಯೇ ಆಯಿತು. ವೈದ್ಯರು ಗಂಟಲೊಳಗೆ ದೀಪ ಬಿಟ್ಟು ನೋಡಿ ಏನೂ ಇಲ್ಲವೆಂದರು. “ಹೌದು, ನಿಮ್ಮ ಕೊರಳಾಗೆ ಏನೂ ಇಲ್ಲಾರೀ, ಅದಕ್ಕೇ ಹಿಂಗಾಗೈತೆ,” ಎಂದಳು ಹೆಂಡತಿ ಶಾಂತಾದೇವಿ. ದೆಹಲಿಗೆ ಹೋದ ವರ್ಷ ಅವನು ಕೊರಳ ಲಿಂಗವನ್ನು ತೆಗೆದು ಕಪಾಟಿನಲ್ಲಿಟ್ಟಿದ್ದನ್ನು ಅವಳು ಮರೆತಿರಲಿಲ್ಲ. ಬೇಸಿಗೆ ರಜೆ ಮುಗಿದು ಜುಲೈನಲ್ಲಿ ಕೋರ್ಟು ತೆರೆಯುವುದರೊಳಗೆ ಜಗಳೂರಿನ ಆ ಹೆಂಗಸಿನ ಬಾಯಿಂದ ‘ಆಗಿದ್ದು ಆಯ್ತು ಬಿಡು’ ಎಂಬ ಒಂದು ಮಾತು ಪಡೆಯದಿದ್ದರೆ ತಾನು ಇನ್ನು ನಿಂತು ಮಾತಾಡಲಾರೆ ಎಂಬುದು ಗೋಣೆಪ್ಪನಿಗೆ ಯಾರೂ ಹೇಳದೆಯೇ ಗೊತ್ತಾಗಿತ್ತು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿದ. ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿತ್ತು. ಪಕ್ಕದಲ್ಲಿ ಕೂತ ಮುದುಕ ಅವನ ಬಿಳಿ ಪ್ಯಾಂಟನ್ನು ನೋಡಿ, “ಬ್ಯಾಂಕಿನೋರೇನ್ರಿ?” ಎಂದು ಕೇಳಿದ. ಅಲ್ಲ ಎಂದ. “ಮತ್ತೆ ಮೇಷ್ಟ್ರಾ?” ಅದೂ ಅಲ್ಲವೆಂದ. “ಹಂಗಾದ್ರೆ ಏನೋ ಒಂದು ಬಿಡ್ರಿ,” ಎಂದು ಮುದುಕ ಕಣ್ಣುಮುಚ್ಚಿದ. ಏನೋ ಒಂದು. ನಿನ್ನೆ ಹೊನ್ನಾಳಿಯ ಕೋರ್ಟಿನ ಮುಂದೆ ನಿಂತಾಗಲೂ ಯಾರೂ ಗುರುತು ಹಿಡಿದಿರಲಿಲ್ಲ. ಹುಣಸೆಮರದ ಕೆಳಗೆ ಅದೇ ಕಲ್ಲುಬೆಂಚು, ಎಪ್ಪತ್ತೊಂದರಲ್ಲಿ ಮೂವತ್ತು ವರ್ಷದ ಗೋಣೆಪ್ಪ ಕಕ್ಷಿದಾರರು ಯಾರಾದರೂ ಬಂದಾರೆಂದು ಕಾದು ಕೂರುತ್ತಿದ್ದ ಬೆಂಚು. ಆ ಬೆಂಚಿಗೆ ನಡೆದು ಬಂದ ಮೊದಲ ದೊಡ್ಡ ಮನುಷ್ಯ ಮಹೇಶ್ವರಪ್ಪ. ಕೈಯಲ್ಲಿ ಒಂದು ಕರಾರು ಪತ್ರ: ಗೋವಿನಕೋವಿಯ ತನ್ನ ಎರಡೆಕರೆ ಹೊಲವನ್ನು ಮಹೇಶ್ವರಪ್ಪನಿಗೆ ಬರೆದುಕೊಡುತ್ತೇನೆಂದು ಒಪ್ಪಿ ಒಬ್ಬ ರೈತ ಹೆಬ್ಬೆಟ್ಟು ಒತ್ತಿದ್ದ, ಒತ್ತಿ ತಿಂಗಳೊಳಗೆ ಸತ್ತಿದ್ದ. ಅವನ ಹೆಂಡತಿ ಸರ್ವಮಂಗಳಮ್ಮ ಹೊಲ ಬಿಡಲೊಲ್ಲಳು. ದಾವಾ ಹಾಕಬೇಕು. ಹಾಕಿದ. ಸಾಕ್ಷಿಕಟ್ಟೆಯಲ್ಲಿ ಅವಳು ಹೇಳಿದ್ದು ಒಂದೇ ಮಾತು. “ಆ ತಿಂಗಳು ನನ್ನ ಗಂಡಂಗೆ ಲಕ್ವ ಹೊಡೆದು ಕೈ ಎತ್ತಾಕೆ ಬರ್ತಿರ್ಲಿಲ್ಲ. ಈ ಹೆಬ್ಬೆಟ್ಟು ಅವರದಲ್ಲ.” ಗೋಣೆಪ್ಪ ಎರಡು ದಿನ ಪಾಟಿ ಸವಾಲು ಮಾಡಿದ. ಅವಳ ಮಾತು ಅರಳಿಮರದ ಬುಡದ ಕಲ್ಲಿನಂತೆ ಕೂತಲ್ಲೇ ಕೂತಿತ್ತು. ಅವಳ ಪರ ವಕೀಲರು ಉಪಾಧ್ಯರು, ಕಡಲ ಕಡೆಯವರು, ಹೊನ್ನಾಳಿಗೆ ಬಂದು ಎರಡು ವರ್ಷ ಕೂಡ ಆಗಿರಲಿಲ್ಲ. ಹೆಬ್ಬೆಟ್ಟನ್ನು ಬೆರಳಚ್ಚಿನ ತಜ್ಞರಿಗೆ ಕಳಿಸಬೇಕೆಂದು ಅರ್ಜಿ ಸಿದ್ಧಮಾಡಿಕೊಂಡಿದ್ದರು. ಅವತ್ತು ಮಧ್ಯಾಹ್ನ ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಮಹೇಶ್ವರಪ್ಪ ರೊಟ್ಟಿ ಮುರಿಯುತ್ತ, ಹವೆಯ ವಿಷಯ ಹೇಳುವಂತೆ ಹೇಳಿದ, “ತಜ್ಞರಿಗೆ ಹೋದ್ರೆ ಕೆಡ್ತೈತ್ರಿ. ಅದು ನಮ್ಮ ಗಾಡಿ ಹನುಮಂತಪ್ಪನ ಹೆಬ್ಬೆಟ್ಟು.” ಗೋಣೆಪ್ಪ ಎಲೆಯ ಮೇಲಿಂದ ಏಳಲಿಲ್ಲ. ಮಜ್ಜಿಗೆ ಹಾಕಿಸಿಕೊಂಡ. ಎದ್ದಿದ್ದರೆ ಏನಾಗುತ್ತಿತ್ತು ಎಂದು ಈ ಹದಿನಾರು ವರ್ಷ ಅವನು ಮನಸ್ಸಿನಲ್ಲೇ ಲೆಕ್ಕವಿಲ್ಲದಷ್ಟು ಸಲ ಎದ್ದಿದ್ದ.

ಅವ್ವನ ನೆನಪಾದದ್ದು ಆ ಮಜ್ಜಿಗೆಯ ಹೊತ್ತಿನಲ್ಲೇ. ನ್ಯಾಮತಿಯ ಕೂಡುಮನೆಯಲ್ಲಿ ಒಂದು ಬೆಳ್ಳಿ ಬಟ್ಟಲು ಕಳೆದು, ದೊಡ್ಡವ್ವ ಎಲ್ಲರೆದುರಿಗೆ, ನೀ ತಗೊಂಡಿಲ್ಲ ಅಂದ್ರೆ ದೀಪ ಮುಟ್ಟಿ ಆಣೆ ಹಾಕು ಎಂದಿದ್ದಳು. ಅವ್ವ ಮುಟ್ಟಲಿಲ್ಲ. ಕಳ್ಳಿ ಎನ್ನಿಸಿಕೊಂಡು ಅದೇ ಮನೆಯಲ್ಲಿ ಇಪ್ಪತ್ತು ವರ್ಷ ರೊಟ್ಟಿ ಬಡಿದಳು, ಹಾಗೆಯೇ ಸತ್ತಳು. ಬಾವಿಯ ಹೂಳು ತೆಗೆಸಿದಾಗ ಬಟ್ಟಲು ಸಿಕ್ಕಿತು. ಅದನ್ನು ನೋಡಲು ಅವ್ವ ಇರಲಿಲ್ಲ. ಯಾಕವ್ವಾ ಮುಟ್ಟಲಿಲ್ಲ, ನೀನು ತಗೊಂಡಿರಲಿಲ್ಲವಲ್ಲ, ಎಂದು ಅವನು ಒಮ್ಮೆ ಕೇಳಿದ್ದಕ್ಕೆ ಅವಳು ಒಲೆಗೆ ಕಟ್ಟಿಗೆ ತಳ್ಳುತ್ತ ಹೇಳಿದ್ದಳು, “ಸುಳ್ಳಿಗೆ ಆಣೆ ಹಾಕಿದ್ರೆ ಪಾಪ. ನಿಜಕ್ಕೆ ಹಾಕಿದ್ರೆ ಅಹಂಕಾರ. ದೇವ್ರೇನು ನಮ್ಮನೆ ಆಳೇನೋ, ಕರೆದಾಗೆಲ್ಲ ಬಂದು ಸಾಕ್ಷಿ ಹೇಳಾಕೆ?” ಸೀಮೆಯ ಹಳೆಯ ಹೆಂಗಸರಲ್ಲಿ ಇಂಥವರು ಊರಿಗೊಬ್ಬರಾದರೂ ಇರುತ್ತಿದ್ದರು. ಸಾಕ್ಷಿಕಟ್ಟೆಯಲ್ಲಿ ಸರ್ವಮಂಗಳಮ್ಮ ಪ್ರಮಾಣ ಮಾಡಲು ಹಿಂಜರಿದು, ಗುಮಾಸ್ತ ಮೂರು ಸಲ ಹೇಳಿಕೊಟ್ಟ ಮೇಲೆ ಬರಿಯ ತುಟಿ ಆಡಿಸಿದ್ದನ್ನು ಕಂಡವನು ಇಡೀ ಕೋರ್ಟಿನಲ್ಲಿ ಗೋಣೆಪ್ಪನೊಬ್ಬನೇ. ಉಪಾಧ್ಯರು ಕಾಗದ ನೋಡುತ್ತಿದ್ದರು.

ಮಧ್ಯಾಹ್ನ ಕೋರ್ಟು ಕೂತಾಗ ಅವನೆದ್ದು, ನನ್ನ ಕಕ್ಷಿದಾರರು ದೊಡ್ಡ ಮನಸ್ಸು ಮಾಡಿದ್ದಾರೆ, ಎಂದ. ಪ್ರತಿವಾದಿ ತಮ್ಮೂರ ಕಲ್ಲೇಶ್ವರನ ಗುಡಿಯಲ್ಲಿ, ಮಿಂದು ಒದ್ದೆ ಸೀರೆಯಲ್ಲಿ, ಹೊಸ್ತಿಲ ಮೇಲೆ ಉರಿಯುವ ಕರ್ಪೂರ ಮುಟ್ಟಿ, ಈ ಹೆಬ್ಬೆಟ್ಟು ನನ್ನ ಗಂಡನದಲ್ಲ ಎಂದು ಆಣೆ ಹಾಕಲಿ, ದಾವಾ ವಾಪಸು. ಹಾಕದಿದ್ದರೆ ಹೊಲ ನಮ್ಮದು. ಉಪಾಧ್ಯರ ಮುಖ ಅರಳಿತು. “ಸತ್ಯ ಹೇಳುವವರಿಗೆ ಆಣೆಯ ಭಯ ಎಂಥದು ಮಾರಾಯ್ರೆ? ಅರ್ಧ ಗಳಿಗೆಯ ಕೆಲಸ,” ಎಂದು ಅಲ್ಲೇ ಒಪ್ಪಿಗೆಗೆ ಸಹಿ ಹಾಕಿದರು. ಮೂಲೆಯಲ್ಲಿ ನಿಂತಿದ್ದ ಅವಳಿಂದಲೂ ಹಾಕಿಸಿದರು, ಗುಡಿಗೆ ಹೋಗಿ ಒಂದು ಮಾತು ಹೇಳಿ ಬರುವುದಷ್ಟೇ ಎಂದು. ಅವಳು ತಲೆಯೆತ್ತಿ ನೋಡಿದ್ದು ತನ್ನ ವಕೀಲರನ್ನಲ್ಲ, ಗೋಣೆಪ್ಪನನ್ನು. ನೀನು ನಮ್ಮವನಲ್ಲವೇ, ನಿನಗೆ ಗೊತ್ತಿಲ್ಲವೇ, ಎನ್ನುವ ನೋಟ. ಸೋಮವಾರ ಬೆಳಿಗ್ಗೆ ಅವಳು ಕೆರೆಯಲ್ಲಿ ಮಿಂದು ಬಂದಳು. ಕೋರ್ಟಿನ ಅಮೀನ ಕರ್ಪೂರ ಹಚ್ಚಿದ. ಊರೆಲ್ಲ ನಿಂತಿತ್ತು. ಅವಳು ಕೈ ಚಾಚಲಿಲ್ಲ. ಸೀರೆಯಿಂದ ನೀರು ಸೋರಿ ಪಾದದ ಸುತ್ತ ಮಡುವಾಯಿತು. ಕರ್ಪೂರ ಉರಿದು, ಸಣ್ಣದಾಗಿ, ಆರಿತು. ಅವಳು ಹೊಸ್ತಿಲಿಗೆ ತಲೆಬಾಗಿಸಿ, ತಿರುಗಿ ಮನೆಗೆ ನಡೆದಳು. ಎರಡು ವಾರದ ನಂತರ ಗೋಣೆಪ್ಪ ಕೋರ್ಟಿನಲ್ಲಿ ಒಂದು ವಾಕ್ಯ ಹೇಳಿದ: “ಮಹಾಸ್ವಾಮಿ, ಕೇಳಿದಾಗ ಸುಮ್ಮನಿರುವುದೆಂದರೆ ಒಪ್ಪಿಕೊಂಡಂತೆ.” ಈ ಕಥೆ ಮಹೇಶ್ವರಪ್ಪನ ಬೀಗರಿಂದ ಬೆಂಗಳೂರಿಗೆ ಹೋಯಿತು. ಅಲ್ಲಿಯ ಹಿರಿಯ ವಕೀಲರೊಬ್ಬರು ಕೇಳಿ ಚಪ್ಪಾಳೆ ತಟ್ಟಿ ನಕ್ಕರಂತೆ. ಎದುರಾಳಿಯ ಸುಳ್ಳನ್ನು ಯಾರಾದರೂ ಹಿಡಿಯುತ್ತಾರೆ, ಇವನು ಎದುರಾಳಿಯ ನಿಜವನ್ನೇ ಹಿಡಿಯುತ್ತಾನೆ, ಕಳಿಸಿ ಅವನನ್ನು ನನ್ನ ಹತ್ತಿರ, ಎಂದರಂತೆ. ಅಲ್ಲಿಂದ ಹೈಕೋರ್ಟು, ಅಲ್ಲಿಂದ ದೆಹಲಿ. ಎಲ್ಲ ಕಡೆಯೂ ಅವನ ಪಟ್ಟು ಅದೊಂದೇ. ಎದುರಿನವನು ಎಲ್ಲಿ ಪ್ರಾಮಾಣಿಕನೋ ಅಲ್ಲಿ ಹೊಡೆ. ಪತ್ರಿಕೆಗಳು ಅದನ್ನು ಪ್ರತಿಭೆ ಎಂದು ಬರೆದವು.

ಜಗಳೂರಿನಲ್ಲಿ ಇಳಿದಾಗ ನೆತ್ತಿಯ ಮೇಲೆ ಬಿಸಿಲು. ಹೊಲ ಕೈಬಿಟ್ಟ ವರ್ಷವೇ ಸರ್ವಮಂಗಳಮ್ಮ ಇಲ್ಲಿದ್ದ ಅಕ್ಕನ ಮನೆಗೆ ಬಂದಳೆಂದೂ, ಅಕ್ಕ ತೀರಿಕೊಂಡ ಮೇಲೂ ಅಲ್ಲೇ ಇದ್ದಾಳೆಂದೂ ನಿನ್ನೆ ಗೋವಿನಕೋವಿಯಲ್ಲಿ ಕೇಳಿ ತಿಳಿದಿದ್ದ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಮನೆಗಳಿಗೆ ಒಂದೇ ಅಂಗಳ, ಒಂದೇ ಕಟ್ಟೆ. ಕಟ್ಟೆಯ ಮೇಲೆ ಒಬ್ಬ ದಪ್ಪ ಹೆಂಗಸು ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. “ಯಾರ್ ಬೇಕಿತ್ರಿ?” ಎಂದಳು. ಹೆಸರು ಹೇಳಿದ. “ನಮ್ಮ ಮಂಗ್ಳಮ್ಮನ್ನ ಹುಡುಕ್ಕೊಂಡು ಬೂಟು ಹಾಕ್ಕೊಂಡೋರು ಬಂದಿದ್ದು ಇದೇ ಮೊದಲು. ನಾನು ರಹಮತ್‌ಬೀ. ಪಕ್ಕದ ಮನೆ. ನೀವ್ಯಾರು?” ವಕೀಲ, ಗೋಣೆಪ್ಪ, ಎಂದ. ಅವಳ ಕೈ ಮೊರದ ಮೇಲೆ ನಿಂತಿತು. “ಹೊನ್ನಾಳಿ ಗೋಣೆಪ್ಪಾನಾ? ಅಯ್ಯ, ನಿಮ್ಮ ಕಥೆ ನಮಗೆ ಬಾಯಿಪಾಠ ಆಗೈತ್ರಿ. ಸುಳ್ಳು ಹೆಬ್ಬೆಟ್ಟಿಗೆ ಹೊಲ ಹೋತು, ಆದ್ರೂ ಆಣೆ ಹಾಕ್ಲಿಲ್ಲ ನಮ್ಮಮ್ಮ. ಈ ಓಣ್ಯಾಗೆ ಜಗಳ ಆದ್ರೆ, ಮಂಗ್ಳಮ್ಮ ಹೇಳಿದ್ರೆ ಮುಗೀತು ಅಂತಾರೆ. ಆಣೆ ಇಲ್ಲ, ಪಂಚಾಯ್ತಿ ಇಲ್ಲ. ಅಂಥ ಬಾಯಿ ಅದು.” ಆಮೇಲೆ ಒಳಗೆ ಮುಖಮಾಡಿ, “ಅಮ್ಮಾ, ನಿನ್ನ ಹೊಲ ನುಂಗಿದೋರು ಬಂದಾರೆ ನೋಡು, ನೀರಡಿಸಿ,” ಎಂದಳು. ಕುಹಕವೋ ತಮಾಷೆಯೋ ಗೋಣೆಪ್ಪನಿಗೆ ತಿಳಿಯಲಿಲ್ಲ. ಬೂಟು ಬಿಚ್ಚುವಾಗ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿದ್ದನ್ನು ಅವಳು ನೋಡಿಬಿಟ್ಟಳೆಂಬುದೇ ಆ ಗಳಿಗೆಯಲ್ಲಿ ದೊಡ್ಡ ಸಂಕಟವಾಯಿತು.

ಸರ್ವಮಂಗಳಮ್ಮ ಬಾಗಿಲ ಒಳಬದಿಗೆ ಗೋಡೆಗೆ ಒರಗಿ ಕೂತಿದ್ದಳು. ಕೂದಲು ಹತ್ತಿಯಂತೆ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಎದೆಯ ಮೇಲೆ ಶಿವದಾರಕ್ಕೆ ಕಟ್ಟಿದ ಲಿಂಗದ ಪುಟ್ಟ ಬಟ್ಟೆಗಂಟು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ತಂಬಿಗೆ ಸರಿಸಿದಳು. ಅವನು ಕುಡಿದ. ಹದಿನಾರು ವರ್ಷದಲ್ಲಿ, ಅದರಲ್ಲೂ ಈ ಮೂರು ತಿಂಗಳಲ್ಲಿ, ಕಟ್ಟಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಇಂಗ್ಲಿಷಿನಲ್ಲಿದ್ದವೆಂದು ಈಗ ತಿಳಿಯಿತು. “ಅಮ್ಮಾ, ನಾನು ತಪ್ಪು ಮಾಡಿದೆ. ನೀವು ಆಣೆ ಹಾಕಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ. ಈಗ ನನಗೆ ಕೋರ್ಟಿನಲ್ಲಿ ಮಾತು ನಿಂತುಹೋಗೈತೆ. ಇದು ನನ್ನ ಮಾತು ಅಂತ ಹೇಳಾಕೆ ಹೋದ್ರೆ ಸ್ವರ ಬರಲ್ಲ. ನೀವು ಕರ್ಪೂರದ ಮುಂದೆ ನಿಂತಿದ್ದೇ ಕಾಣ್ತೈತೆ.” ಎಷ್ಟೋ ವರ್ಷದ ಮೇಲೆ ಅವನ ಬಾಯಿಂದ ನ್ಯಾಮತಿಯ ಮಾತು ಬರುತ್ತಿತ್ತು. ದುಃಖ ಉಕ್ಕಿ ಬಂದು, ಮೂಗು ಸೋರಿ, ಕರವಸ್ತ್ರ ಬೂಟಿನ ಪಕ್ಕ ಚೀಲದಲ್ಲಿ ಉಳಿದಿದ್ದರಿಂದ ಅಂಗಿಯ ತೋಳಿನಿಂದ ಒರೆಸಿಕೊಂಡ. ಕಟ್ಟೆಯ ಮೇಲೆ ಮೊರದ ಸದ್ದು ನಿಂತಿತ್ತು. ರಹಮತ್‌ಬೀ ಕೇಳುತ್ತಿದ್ದಳು.

“ಹೊಲ ಬೇಕಾದ್ರೆ ನಾನೇ ಬಿಡಿಸಿ...” ಎಂದವನನ್ನು ಅವಳು ಕೈಯೆತ್ತಿ ತಡೆದಳು. “ಹೊಲ ಏನ್ ಮಾಡ್ಲಿ ತಮ್ಮಾ, ಹೊತ್ತುಕೊಂಡು ಹೋಗಾಕೆ ಬರ್ತೈತಾ? ನಿಂಗೇನು ಬೇಕು, ಅದನ್ನ ಹೇಳು.” ಕ್ಷಮೆ ಎಂಬ ಮಾತು ಅವನಿಗೆ ತೀರ ಪುಸ್ತಕದ್ದಾಗಿ ಕಂಡಿತು. “ನನಗೆ ಮಾತು ಬರಬೇಕಮ್ಮ,” ಎಂದ. ಎಳೆಯ ಮಗು ಕೇಳಿದ ಹಾಗಿತ್ತು. ಅವಳು ಅವನನ್ನು ನೋಡಿದಳು. ಅವತ್ತು ಕೋರ್ಟಿನಲ್ಲಿ ನೋಡಿದ್ದ ನೋಟವಲ್ಲ. ಜ್ವರ ಬಂದ ಮಕ್ಕಳ ಹಣೆ ಮುಟ್ಟುವಾಗ ಹೆಂಗಸರ ಕಣ್ಣಿಗೆ ಬರುವ ನೋಟ. ಅದನ್ನು ಕಂಡು ಅವನಿಗೆ ಯಾಕೋ ಹೆದರಿಕೆಯಾಯಿತು. ಅವಳು ಎರಡೂ ಕೈಯಿಂದ ಕೊರಳ ಶಿವದಾರ ಹಿಡಿದು, ಎದೆಯ ಮೇಲಿದ್ದ ಲಿಂಗವನ್ನು ಮೆಲ್ಲಗೆ ಹೆಗಲ ಮೇಲಿಂದ ಬೆನ್ನಿಗೆ ಸರಿಸಿದಳು. ಸರಿಸಿ, ಅದರ ಮೇಲೆ ಸೆರಗು ಹೊದ್ದಳು. ಮನೆಯ ಹಿರಿಯರನ್ನು ಒಳಗೆ ಕಳಿಸಿ ಬಾಗಿಲು ಹಾಕಿಕೊಂಡವರ ಹಾಗೆ. ಆಮೇಲೆ ಸ್ಪಷ್ಟವಾಗಿ, ಅಂಗಳಕ್ಕೂ ಕೇಳುವಂತೆ, ಹೇಳಿದಳು:

“ಆ ಹೆಬ್ಬೆಟ್ಟು ನನ್ನ ಗಂಡಂದೇ ತಮ್ಮಾ. ಕೈ ಎತ್ತಾಕೆ ಬರ್ತಿರ್ಲಿಲ್ಲ, ನಾನೇ ಕೈ ಹಿಡಿದು ಒತ್ತಿಸಿದ್ದೆ. ಸುಳ್ಳು ನಂದು. ಅದಕ್ಕೇ ಅವತ್ತು ಕರ್ಪೂರ ಮುಟ್ಟಾಕೆ ಅಂಜಿದೆ. ನೀನು ನ್ಯಾಯವಾಗೇ ಗೆದ್ದೆ. ನಿನ್ನ ಮೇಲೆ ಏನೂ ಇಲ್ಲ, ಹೋಗು.”

ಗೋಣೆಪ್ಪನ ಕಿವಿಯಲ್ಲಿ ಗಾಡಿ ಹನುಮಂತಪ್ಪನ ಹೆಸರು ಗುಯ್ಗುಟ್ಟಿತು. ಖಾನಾವಳಿ, ಎಲೆ, ಮಜ್ಜಿಗೆ. ಹನುಮಂತಪ್ಪ ತೀರಿಕೊಂಡ ಮೇಲೆ, ನಿಜ ಯಾವುದೆಂದು ಈ ಭೂಮಿಯ ಮೇಲೆ ಸರಿಯಾಗಿ ಬಲ್ಲವರು ಮೂವರು. ಒಬ್ಬ ಚನ್ನಗಿರಿಯಲ್ಲಿ ಮಂಡಿಯ ಗಾದಿಯ ಮೇಲಿದ್ದಾನೆ, ಇಬ್ಬರು ಇಲ್ಲಿ ಎದುರುಬದುರು ಕೂತಿದ್ದಾರೆ. ನಿಜ ಹೇಳುವಾಗಲೂ ಆಣೆಗೆ ಬಳಸದೆ ಜೋಪಾನ ಮಾಡಿದ ನಾಲಿಗೆಯನ್ನು ಅವಳು ಈಗ ತನಗಾಗಿ, ಒಂದು ಸುಳ್ಳಿಗೆ, ಎಂಜಲು ಮಾಡಿದ್ದಳು. ಹೊಲ ಕಿತ್ತುಕೊಂಡದ್ದು ಸಾಲದೆಂದು ಇದನ್ನೂ ಕೇಳಿ ತೆಗೆದುಕೊಳ್ಳಲು ಅವನು ದೆಹಲಿಯಿಂದ ಬಂದಿದ್ದ. ಅವಳು ಗೋಡೆ ಹಿಡಿದು ಎದ್ದಳು. ಅವನ ಪಕ್ಕದಿಂದಲೇ ಅಂಗಳಕ್ಕೆ ಇಳಿದು, ಮೂಲೆಯ ಗಡಿಗೆಯಿಂದ ನೀರು ಮೊಗೆದು ಬಾಯಿ ಮುಕ್ಕಳಿಸಿ ಉಗುಳಿದಳು. ಒಮ್ಮೆ, ಎರಡು ಸಲ, ಮೂರು ಸಲ. ಸೆರಗಿನಿಂದ ತುಟಿ ಒರೆಸಿಕೊಂಡು, ಲಿಂಗವನ್ನು ಮತ್ತೆ ಎದೆಗೆ ತಂದುಕೊಂಡು, ಕಣ್ಣಿಗೊತ್ತಿ, ಒಳಗೆ ಹೋಗಿ ಒಲೆಯ ಮುಂದೆ ಬೆನ್ನುಮಾಡಿ ಕೂತಳು.

ಅವನು ಹೊರಗೆ ಬಂದ. ಬೂಟಿಗೆ ಕಾಲು ಹಾಕುವುದಾಗಲಿಲ್ಲ. ರಹಮತ್‌ಬೀ ಮೊರ ತೊಡೆಯ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಈಗ ತಮಾಷೆ ಇರಲಿಲ್ಲ. “ನಾನು ಓದಿದೋಳಲ್ಲ ವಕೀಲ್ರೆ,” ಎಂದಳು, ದನಿ ತಗ್ಗಿಸಿ. “ಹದಿನಾರು ವರ್ಷ ಆಯ್ತು, ಆಕೆ ಮಾತು ಅಂದ್ರೆ ನಾವು ಕಣ್ಮುಚ್ಚಿ ನಂಬಿದೋರು. ಈಗ ಹಿಂಗಂತಾಳೆ. ನೀವೇ ಹೇಳ್ರಿ, ನಿಮ್ಮ ಬಾಯಾಗೆ. ಆ ಹೆಬ್ಬೆಟ್ಟು ಆಕೆ ಗಂಡಂದೇನು?”

ಅಲ್ಲ. ಎರಡಕ್ಷರ. ದೆಹಲಿಯಲ್ಲಿ ಮೂವರು ಕನ್ನಡಕದ ಮೇಲಿಂದ ಕೇಳಿದ್ದ ಪ್ರಶ್ನೆಯನ್ನೇ ಇಲ್ಲಿ ಶೇಂಗಾ ಸಿಪ್ಪೆಯ ನಡುವಿನಿಂದ ಒಬ್ಬಳು ಕೇಳುತ್ತಿದ್ದಳು. ಅವನು ಬಾಯಿ ತೆರೆದ. ಕೊರಳೊಳಗೆ ಒದ್ದೆ ಬಟ್ಟೆ ತುರುಕಿದಂತಾಯಿತು. ತಲೆ ಅಲ್ಲಾಡಿಸಿದ, ಅದು ಅತ್ತಲೂ ಆಡಿತು, ಇತ್ತಲೂ ಆಡಿತು. “ತಲೆ ಆಡಿಸಿದ್ರೆ ನಂಗೇನು ತಿಳೀತೈತೆ? ಬಾಯಿಬಿಟ್ಟು ಹೇಳ್ರಿ,” ಎಂದಳು. ಒಳಗಿನಿಂದ, “ಬಿಡು ರಹಮತ್, ಆತನ ಬಸ್ಸಿಗೆ ಹೊತ್ತಾಗ್ತೈತೆ,” ಎಂದು ಸರ್ವಮಂಗಳಮ್ಮನ ದನಿ ಬಂತು. ರಹಮತ್‌ಬೀ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ನಿಟ್ಟುಸಿರುಬಿಟ್ಟು, “ಕೇಳಿದಾಗ ಸುಮ್ನಿದ್ರೆ ಒಪ್ಪಿಕೊಂಡಂಗೇ ಅಲ್ವೇನ್ರಿ, ನಿಮ್ಮ ಕೋರ್ಟ್ನಾಗೂ ಹಂಗೇ ಅಂತೆ,” ಎಂದಳು. ಕಟ್ಟೆಯ ಮೇಲೆ ಎರಡು ಮನೆಯ ಶೇಂಗಾ ಒಂದೇ ರಾಶಿಯಾಗಿ ಬಿದ್ದಿತ್ತು. ಅವಳು ತನ್ನ ಪಾಲಿನಷ್ಟನ್ನು ಕೈಯಿಂದ ಬೇರೆ ಮಾಡಿ ಮೊರಕ್ಕೆ ಬಳಿದುಕೊಂಡಳು, ಎದ್ದು ತನ್ನ ಬಾಗಿಲಿನೊಳಗೆ ಹೋದಳು. ಬಾಗಿಲು ಅರ್ಧ ಮುಚ್ಚಿತು.

ನಿಲ್ದಾಣದಲ್ಲಿ ಬಸ್ಸು ಒಂದು ಸಲ ಕೂಗಿತು. ಅಂಗಳದ ಮೂಲೆಯಲ್ಲಿ, ಸರ್ವಮಂಗಳಮ್ಮ ಉಗುಳಿದ ನೀರು ಮೂರು ಕಡೆ ಮಣ್ಣನ್ನು ಒದ್ದೆ ಮಾಡಿತ್ತು. ಜಗಳೂರಿನ ಬಿಸಿಲಿಗೆ ಆಗಲೇ ಒಂದು ಕಡೆ ಆರಿತ್ತು. ಎರಡನೆಯದು ಅಂಚಿನಿಂದ ಬೆಳ್ಳಗಾಗುತ್ತ ಒಳಗೆ ಸರಿಯುತ್ತಿತ್ತು. ಮೂರನೆಯದು ಆರುವುದರೊಳಗೆ ಹೇಳಬೇಕು, ಶಿವನೇ, ಆ ಬಾಗಿಲು ಪೂರ್ತಿ ಮುಚ್ಚುವುದರೊಳಗೆ ಹೇಳಬೇಕು ಎಂದು ಗೋಣೆಪ್ಪ ಬರಿಗಾಲಿನಲ್ಲಿ, ಕಾದ ನೆಲದ ಮೇಲೆ, ಬಾಯಿ ತೆರೆದುಕೊಂಡು ನಿಂತ. ಬಸ್ಸು ಇನ್ನೊಮ್ಮೆ ಕೂಗಿ ಹೊರಟಿತು.